ಒಂಬತ್ತು ಹತ್ತರ ಓದುಗ

ಪ್ರತಿದಿನ ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಯಾರೋ ಒಬ್ಬರು ನಮ್ಮ ಕಂಪ್ಯೂಟರಿನಲ್ಲಿದ್ದ ತಪ್ಪು ತಾರೀಖನ್ನು ಓದಿ ಹೋಗುತ್ತಿದ್ದರು. ಅದು ನನಗೆ ಗೊತ್ತಾಗಿದ್ದು ಮೇ ತಿಂಗಳ ಹತ್ತರಂದು. ಅಷ್ಟರಲ್ಲಿ ಅವರು ಓದಲು ಶುರುಮಾಡಿ ಮೂರು ವಾರವಾಗಿತ್ತು. ಆ ತಾರೀಖು ತಪ್ಪಾಗಿ ಒಂದು ವಾರವಾಗಿತ್ತು. ಪರೀಕ್ಷೆಗೆ ಉಳಿದದ್ದು ಒಂಬತ್ತು ದಿನ.

ತೊಂಬತ್ತರ ದಶಕದ ಮೊದಲ ವರ್ಷಗಳು ಅವು. ನಾನು ಮುಂಬಯಿಯ ಒಂದು ಚಿಕ್ಕ ವಿಶ್ವವಿದ್ಯಾಲಯದ ಕಂಪ್ಯೂಟರ್ ಕೇಂದ್ರದಲ್ಲಿ ಪ್ರೋಗ್ರಾಮರ್ ಆಗಿದ್ದೆ. ಆಡಳಿತ ಕಚೇರಿ ಫೋರ್ಟಿನಲ್ಲಿ, ನಮ್ಮ ಕೇಂದ್ರ ಕುರ್ಲಾದಲ್ಲಿ, ನಮ್ಮ ಮನೆ ಮಲಾಡಿನಲ್ಲಿ. ದಿನಾ ದಾದರಿನಲ್ಲಿ ಇಳಿದು, ಸೇತುವೆ ಹತ್ತಿ, ಇನ್ನೊಂದು ಲೋಕಲ್ ರೈಲು ಹಿಡಿದು ಕುರ್ಲಾ ಮುಟ್ಟುವಷ್ಟರಲ್ಲಿ ನನ್ನ ಅರ್ಧ ತಾಳ್ಮೆ ಮುಗಿದಿರುತ್ತಿತ್ತು. ಉಳಿದರ್ಧ ಕೇಂದ್ರದ ಎ.ಸಿ. ಕೆಟ್ಟಿದೆಯೆಂದು ತಿಳಿದಾಗ ಮುಗಿಯುತ್ತಿತ್ತು. ಕೆಲಸ ಖಾಯಂ ಆಗಲು ಇನ್ನೂ ಎರಡು ತಿಂಗಳು ಬಾಕಿ ಇತ್ತು. ಇದನ್ನು ಈಗಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ನಾನು ಮಾಡಿದ್ದಕ್ಕೆ ಅದೇ ಕಾರಣ. ಬೇರೆ ಯಾವ ದೊಡ್ಡ ಕಾರಣವೂ ಇರಲಿಲ್ಲ.

ವಿಶ್ವವಿದ್ಯಾಲಯದ ವಿವರಗಳನ್ನು ಹೊರಗಿನ ಕಾಲೇಜುಗಳಿಗೆ ಕಾಣಿಸಲು ಆಗ ಇದ್ದದ್ದು ಗೋಫರ್ ಎಂಬ ವ್ಯವಸ್ಥೆ. ಅದರಲ್ಲಿ ಚಿತ್ರವಿಲ್ಲ, ಬಣ್ಣವಿಲ್ಲ. ಕಪ್ಪು ಪರದೆಯ ಮೇಲೆ ಹಸಿರು ಅಕ್ಷರದ ಒಂದು ಪಟ್ಟಿ ಬರುತ್ತದೆ. ಒಂದು, ಪ್ರವೇಶ ಪರೀಕ್ಷೆಯ ಪ್ರಕಟಣೆ. ಎರಡು, ಕೋರ್ಸುಗಳು. ಮೂರು, ವಿಭಾಗಗಳು. ಬೇಕಾದ ಅಂಕಿ ಒತ್ತಿ ಎಂಟರ್ ಹೊಡೆದರೆ ಆ ಕಾಗದ ತೆರೆಯುತ್ತದೆ. ಅದನ್ನು ಕಟ್ಟಿದವಳು ನಾನೇ, ನೋಡಿಕೊಳ್ಳುವವಳೂ ನಾನೇ. ಪ್ರತಿ ಕಾಗದದ ಕೊನೆಗೆ, ತಪ್ಪುಗಳಿದ್ದರೆ ಇವರಿಗೆ ತಿಳಿಸಿ ಎಂಬ ಸಾಲು ಹಾಕಿ ಅದರ ಮುಂದೆ ನನ್ನ ಪೂರ್ತಿ ಹೆಸರು, ಕೇಂದ್ರದ ವಿಳಾಸ ಬರೆದಿದ್ದೆ. ಹಾಗೆ ಬರೆಯಬೇಕೆಂದು ಯಾರೂ ಹೇಳಿರಲಿಲ್ಲ. ಜಂಭ.

ಇದರ ನಡುವೆ ನಮ್ಮ ಕೇಂದ್ರದ ಮುಖ್ಯಸ್ಥರು ಹೊರದೇಶದ ಸಮ್ಮೇಳನಕ್ಕೆ ಹೋಗಿದ್ದವರು ಒಂದು ಟೇಪಿನಲ್ಲಿ ವೆಬ್ ಎಂಬ ಹೊಸ ವ್ಯವಸ್ಥೆಯನ್ನು ತಂದರು. ಅದರಲ್ಲಿ ಅಕ್ಷರ ದೊಡ್ಡದು ಮಾಡಬಹುದು, ಚಿತ್ರ ಹಾಕಬಹುದು, ಒಂದು ಪದದ ಮೇಲೆ ಒತ್ತಿದರೆ ಇನ್ನೊಂದು ಕಾಗದಕ್ಕೆ ಹೋಗಬಹುದು. ನನಗೆ ಹುಚ್ಚೇ ಹಿಡಿಯಿತು. ವಿಶ್ವವಿದ್ಯಾಲಯದ ಲಾಂಛನವನ್ನು ಚುಕ್ಕಿ ಚುಕ್ಕಿಯಾಗಿ ಬಿಡಿಸಲು ಹನ್ನೊಂದು ದಿನ ತೆಗೆದುಕೊಂಡೆ. ಗೋಫರಿನ ಕಡೆ ತಿರುಗಿಯೂ ನೋಡಲಿಲ್ಲ.

ಆ ವರ್ಷದ ಪ್ರವೇಶ ಪರೀಕ್ಷೆ ಮೇ ಇಪ್ಪತ್ತಾರಕ್ಕೆ ಎಂದು ಪ್ರಕಟವಾಗಿತ್ತು. ಕಂಪ್ಯೂಟರ್ ಕಲಿಸುವ ಸ್ನಾತಕೋತ್ತರ ಕೋರ್ಸು, ಹಾಸ್ಟೆಲೂ ವಿದ್ಯಾರ್ಥಿವೇತನವೂ ಸೇರಿ ಬರುವಂಥದ್ದು. ಹಾಲ್ ಟಿಕೆಟ್‌ಗಳು ಅಂಚೆಗೆ ಹೋಗಿಯಾಗಿತ್ತು. ಆಮೇಲೆ ಪರೀಕ್ಷೆ ನಡೆಯಬೇಕಿದ್ದ ಕಟ್ಟಡ ಆ ದಿನ ಸಿಗುವುದಿಲ್ಲವೆಂದಾಗಿ ಪರೀಕ್ಷೆಯನ್ನು ಒಂದು ವಾರ ಹಿಂದಕ್ಕೆ ತಂದು ಹತ್ತೊಂಬತ್ತಕ್ಕೆ ಇಟ್ಟರು. ಮುಂದಕ್ಕೆ ಹಾಕಿದ್ದರೆ ಯಾರಾದರೂ ಮೊದಲೇ ಬಂದು ಬೈದುಕೊಂಡು ಹೋಗುತ್ತಿದ್ದರು, ಅಷ್ಟೇ. ತಾರೀಖು ಬದಲಾಗಿದೆಯೆಂಬ ತಿದ್ದೋಲೆ ಫೋರ್ಟಿನ ನೋಟಿಸ್ ಬೋರ್ಡಿನಲ್ಲಿ ಬಂತು, ಮುಂಬಯಿಯ ಎರಡು ಪತ್ರಿಕೆಗಳಲ್ಲಿ ಬಂತು. ಮೇ ಮೂರಕ್ಕೆ ಒಂದು ಪ್ರತಿ ನನಗೂ ಬಂತು. ಹಾಲ್ ಟಿಕೆಟ್ ಸಿಕ್ಕಿದವರಿಗೆ ಮತ್ತೆ ಬರೆಯುವ ಪದ್ಧತಿ ಇರಲಿಲ್ಲ. ಬದಲಾವಣೆಗಳಿದ್ದರೆ ಪ್ರಕಟಣೆಯಲ್ಲಿ ಅಭ್ಯರ್ಥಿಗಳೇ ನೋಡಿಕೊಳ್ಳತಕ್ಕದ್ದು ಎಂಬ ಸಾಲು ಹಾಲ್ ಟಿಕೆಟ್ಟಿನ ಕೆಳಗೆ ಅಚ್ಚಾಗಿರುತ್ತಿತ್ತು.

ನಾನು ತಿದ್ದೋಲೆಯನ್ನು ವೆಬ್ಬಿನಲ್ಲಿ ಹಾಕಿದೆ. ಕೆಂಪಕ್ಷರದಲ್ಲಿ, ಎರಡು ಗೆರೆಗಳ ನಡುವೆ. ನೋಡಿ ನೋಡಿ ಖುಷಿಪಟ್ಟೆ. ಗೋಫರಿನಲ್ಲಿ ಹಾಕುವುದನ್ನು ಮರೆತೆ.

ಹತ್ತರಂದು ಯಂತ್ರದಲ್ಲಿ ಜಾಗ ಸಾಲದೆ ಹಳೆಯ ದಾಖಲೆ ಅಳಿಸಲು ಕೂತಾಗ ಗೋಫರಿನ ದಿನಚರಿ ಕಣ್ಣಿಗೆ ಬಿತ್ತು. ಯಾವ ಊರಿನ ಯಂತ್ರ ಎಷ್ಟು ಹೊತ್ತಿಗೆ ಯಾವ ಕಾಗದ ತೆರೆಯಿತು ಎಂಬುದನ್ನು ಅದು ತಾನಾಗಿ ಬರೆದಿಡುತ್ತದೆ. ಅಳಿಸುವ ಮುಂಚೆ ಸುಮ್ಮನೆ ನೋಡಿದೆ. ಏಪ್ರಿಲಿನಿಂದ ಒಂದೇ ಸಾಲು ಮತ್ತೆ ಮತ್ತೆ ಬಂದಿತ್ತು. ಒಂದೇ ಯಂತ್ರದ ಸಂಖ್ಯೆ, ಹೊತ್ತು ಒಂಬತ್ತು ಹತ್ತು, ತೆರೆದ ಕಾಗದ ಒಂದನೆಯದು, ಪ್ರವೇಶ ಪರೀಕ್ಷೆಯ ಪ್ರಕಟಣೆ. ಭಾನುವಾರ ಬಿಟ್ಟು ದಿನಾ. ಬೇರೆ ಯಾವ ಕಾಗದವನ್ನೂ ಆ ಯಂತ್ರ ತೆರೆದಿರಲಿಲ್ಲ. ನಾನು ಒಂದನೆಯ ಕಾಗದವನ್ನು ತೆರೆದೆ. ಅದರಲ್ಲಿ ಇಪ್ಪತ್ತಾರು ಎಂದೇ ಇತ್ತು. 

ಅವತ್ತೇ ತಿದ್ದೋಲೆಯನ್ನು ಗೋಫರಿನ ಪಟ್ಟಿಗೆ ಸೇರಿಸಿದೆ. ಕಾಗದಗಳ ಕ್ರಮಸಂಖ್ಯೆ ಬದಲಿಸಬಾರದೆಂಬ ನಿಯಮ ನಮ್ಮಲ್ಲಿ ಇದ್ದುದರಿಂದ ಅದು ಪಟ್ಟಿಯ ತುದಿಯಲ್ಲಿ ಹದಿನಾಲ್ಕನೆಯದಾಗಿ ಕೂತಿತು. ಹನ್ನೊಂದರ ಬೆಳಿಗ್ಗೆ ಒಂಬತ್ತಕ್ಕೇ ಬಂದು ಪರದೆಯ ಮುಂದೆ ಕೂತೆ. ಒಂಬತ್ತು ಹತ್ತಕ್ಕೆ ಸಾಲು ಬಂತು. ಒಂದನೆಯ ಕಾಗದ. ಹದಿನಾಲ್ಕನ್ನು ಮುಟ್ಟಲಿಲ್ಲ. ಹನ್ನೆರಡಕ್ಕೂ ಹಾಗೇ. ಎಲ್ಲೋ ಒಬ್ಬರು ನನ್ನ ಕಣ್ಣೆದುರೇ ತಪ್ಪು ದಾರಿ ಹಿಡಿದು ನಡೆಯುತ್ತಿದ್ದಾರೆ, ನಾನು ಕೂಗಿದರೆ ಅವರಿಗೆ ಕೇಳಿಸುವುದಿಲ್ಲ. ಮಧ್ಯಾಹ್ನದ ಡಬ್ಬಿ ಬಿಚ್ಚದೆ ಫೋರ್ಟಿಗೆ ಹೊರಟೆ.

ಪರೀಕ್ಷೆಗಳ ಉಸ್ತುವಾರಿ ಇದ್ದದ್ದು ಉಪ ಕುಲಸಚಿವರ ಕೈಯಲ್ಲಿ. ಉಡುಪಿಯ ಕಡೆಯವರು. ಹುಡುಗರಾಗಿ ಮುಂಬಯಿಗೆ ಬಂದು, ಸಂಜೆ ಕಾಲೇಜಿನಲ್ಲಿ ಓದಿ, ಗುಮಾಸ್ತರಾಗಿ ಸೇರಿ ಆ ಕುರ್ಚಿಯವರೆಗೆ ಏರಿದವರು. ಕಚೇರಿಯಲ್ಲಿ ಇಂಗ್ಲಿಷು, ಮರಾಠಿ. ಊಟದ ಹೊತ್ತಿಗೆ ಹಿಂದಿನ ಗಲ್ಲಿಯ ಹೋಟೆಲಿನಲ್ಲಿ ಕೂತರೆ ಕನ್ನಡ. ನಾನು ಅಲ್ಲಿಗೇ ಹೋಗಿ ಅವರ ಎದುರಿನ ಕುರ್ಚಿ ಎಳೆದುಕೊಂಡೆ.

"ಎಂತ ಮಾರಾಯ್ತಿ, ಕುರ್ಲಾದಿಂದ ಊಟಕ್ಕೆ ಇಲ್ಲಿವರೆಗೆ ಬಂದದ್ದಾ?" ಎಂದರು.

ನಾನು ಎಲ್ಲ ಹೇಳಿದೆ. ಮರೆತದ್ದು ನಾನೇ ಎಂದೂ ಹೇಳಿದೆ. "ಸರ್, ಒಂದನೇ ಕಾಗದದಲ್ಲಿ ಇಪ್ಪತ್ತಾರು ತೆಗೆದು ಹತ್ತೊಂಬತ್ತು ಹಾಕಿಬಿಡ್ತೀನಿ. ಎರಡು ಅಂಕಿ. ಒಂದು ನಿಮಿಷದ ಕೆಲಸ," ಎಂದೆ.

ಅವರು ಕಲಸಿದ ಅನ್ನವನ್ನು ಹಾಗೇ ಬಿಟ್ಟು ನನ್ನನ್ನು ನೋಡಿದರು. "ಅದು ಸಹಿ ಆದ ಪ್ರಕಟಣೆ. ಕುಲಸಚಿವರ ಸಹಿ ಉಂಟು, ನಂಬರ್ ಉಂಟು. ಸಹಿ ಬಿದ್ದ ಮೇಲೆ ಒಂದು ಚುಕ್ಕೆ ಮುಟ್ಟಲಿಕ್ಕಿಲ್ಲ. ಕಾಗದದಲ್ಲಿದ್ದರೂ ಅಷ್ಟೇ, ನಿನ್ನ ಪೆಟ್ಟಿಗೆಯೊಳಗೆ ಇದ್ದರೂ ಅಷ್ಟೇ."

"ಹಾಗಾದ್ರೆ ತೆಗೆದೇಬಿಡ್ಲಾ?"

"ತೆಗೆಯುವುದು ಹೇಗೆ? ವರ್ಷ ಮುಗಿಯುವವರೆಗೆ ಇರಬೇಕು ಅದು. ತಿದ್ದೋಲೆ ಅದರ ಜೊತೆಗೆ ಇರುವುದು. ಬೋರ್ಡಿನಲ್ಲಿ ನಾವು ಎಂತ ಮಾಡುವುದು? ಹಳೆಯದರ ಮೇಲೆ ಹೊಸದನ್ನು ಪಿನ್ ಚುಚ್ಚುತ್ತೇವೆ. ನೀನೂ ಹಾಗೆ ಮಾಡು."

"ಕಂಪ್ಯೂಟರಲ್ಲಿ ಪಿನ್ ಇಲ್ವಲ್ಲ ಸರ್."

"ಹಾಗಾದರೆ ಕಡತ ಕಳಿಸು. ನೋಡುವ."

ಅವರು ಕೆಟ್ಟವರಲ್ಲ. ಒಮ್ಮೆ ಯಾರೋ ಅಂಕಪಟ್ಟಿಯ ಒಂದು ಅಂಕಿಯನ್ನು ಬ್ಲೇಡಿನಿಂದ ಕೆರೆದು ತಿದ್ದಿದ್ದಕ್ಕೆ ಇವರು ಎರಡು ವರ್ಷ ವಿಚಾರಣೆ ಎದುರಿಸಿದ್ದರಂತೆ. ಆಮೇಲೆ ತಿದ್ದುವುದು ಎಂಬ ಮಾತು ಕೇಳಿದರೆ ಅವರ ಮುಖ ಬಿಗಿದುಕೊಳ್ಳುತ್ತಿತ್ತು. ಆದರೆ ಅವತ್ತು ನನಗೆ ಬಂದ ಸಿಟ್ಟಿನಲ್ಲಿ ಅವರ ಸಾರಿನ ಬಟ್ಟಲನ್ನೇ ಎತ್ತಿ ಕುಕ್ಕಬೇಕೆನಿಸಿತು. ಬದಲಿಗೆ ಕಚೇರಿಗೆ ಹೋಗಿ, ಅಲ್ಲೇ ಟೈಪ್ ಮಾಡಿಸಿ, ಕಡತ ಇಟ್ಟು ಬಂದೆ. ಮೂರು ಸಹಿ ಬೇಕಿತ್ತು.

ಕಡತ ಮೇಜಿನಿಂದ ಮೇಜಿಗೆ ಹೋಗುವಷ್ಟರಲ್ಲಿ ಆ ಓದುಗನನ್ನೇ ಹುಡುಕೋಣ ಎಂದುಕೊಂಡೆ. ಪ್ರತಿ ಯಂತ್ರಕ್ಕೂ ಒಬ್ಬ ಮೇಲ್ವಿಚಾರಕ ಇರುತ್ತಾನೆ, ಅವನ ಹೆಸರಿಗೆ ಇ-ಮೇಲ್ ಕಳಿಸಿದೆ. ಅದು ಮುಟ್ಟದೆ ವಾಪಸು ಬಂತು. ದೇಶದ ಜಾಲವನ್ನು ನೋಡಿಕೊಳ್ಳುತ್ತಿದ್ದವರಲ್ಲಿ ನನಗೆ ಗೊತ್ತಿದ್ದ ಒಬ್ಬರಿಗೆ ಆ ಸಂಖ್ಯೆ ಕೊಟ್ಟು ಕೇಳಿದೆ. ಹದಿನಾಲ್ಕರ ಬೆಳಿಗ್ಗೆ ಉತ್ತರ ಬಂತು. ಉತ್ತರ ಕರ್ನಾಟಕದ ಒಂದು ಇಂಜಿನಿಯರಿಂಗ್ ಕಾಲೇಜು, ಬೆಳಿಗ್ಗೆ ಒಂದು ಗಂಟೆ ಮಾತ್ರ ಅವರಿಗೆ ಸಂಪರ್ಕ. ಜೊತೆಗೆ ಲ್ಯಾಬಿನ ಫೋನ್ ನಂಬರೂ ಸಿಕ್ಕಿತು. ನಮ್ಮ ಕೇಂದ್ರದ ಫೋನಿನಿಂದ ಪರವೂರಿಗೆ ಮಾತಾಡಲು ಮತ್ತೊಂದು ಅನುಮತಿ ಬೇಕು. ಕುರ್ಲಾ ಸ್ಟೇಷನ್ನಿನ ಹೊರಗಿನ ಎಸ್.ಟಿ.ಡಿ. ಬೂತಿಗೆ ಓಡಿದೆ.

ನಾಲ್ಕನೆಯ ಸಲಕ್ಕೆ ಲೈನ್ ಸಿಕ್ಕಿತು. ಹೊರಗೆ ಬಸ್ಸು, ರಿಕ್ಷಾಗಳ ಗದ್ದಲ. ಒಂದು ಕಿವಿ ಮುಚ್ಚಿಕೊಂಡು ಕೂಗಿದೆ. "ಕಂಪ್ಯೂಟರ್ ಲ್ಯಾಬಾ? ಲೆಕ್ಚರರ್ ಇದ್ದಾರಾ?"

"ಇಲ್ರಿ. ಸೂಟಿ ಐತ್ರಿ. ಜೂನಿಗೆ ಬರ್ತಾರ್ರಿ," ಎಂದಿತು ಒಂದು ವಯಸ್ಸಾದ ಗಂಡು ದನಿ.

"ಪ್ರಿನ್ಸಿಪಾಲರು?"

"ಅವರೂ ಊರಾಗಿಲ್ರಿ. ನಾ ಅಟೆಂಡರ್ ಅದೇನ್ರಿ. ಏನ್ ಹೇಳಬೇಕಾಗಿತ್ರಿ?"

"ಬಿಡಿ, ನಿಮಗೆ ಗೊತ್ತಾಗಲ್ಲ," ಎಂದು ಫೋನ್ ಇಟ್ಟೆ.

ರಜೆಯಲ್ಲಿ ಬೀಗ ಹಾಕಿದ ಕಾಲೇಜಿನಲ್ಲಿ ದಿನಾ ಕಂಪ್ಯೂಟರ್ ತೆರೆಯುವವರು ಮತ್ಯಾರು ಎಂದು ನನಗೆ ಹೊಳೆಯಲಿಲ್ಲ. ಓದುಗ ಎಂದರೆ ಇಂಗ್ಲಿಷ್ ಬಲ್ಲ, ಕನ್ನಡಕ ಹಾಕಿದ, ಇಪ್ಪತ್ತೆರಡರ ವಿದ್ಯಾರ್ಥಿ ಎಂದು ನನ್ನ ತಲೆಯಲ್ಲಿ ಮೊದಲೇ ಕೂತುಬಿಟ್ಟಿತ್ತು.

ಅವತ್ತು ಸಂಜೆ ಎಲ್ಲರೂ ಹೋದ ಮೇಲೆ ಒಂದನೆಯ ಕಾಗದವನ್ನು ತಿದ್ದುವುದಕ್ಕೆಂದು ತೆರೆದೆ. ಕರ್ಸರ್ ಅನ್ನು ಆ ಸಾಲಿಗೆ ತಂದೆ. ಅದು ಇಪ್ಪತ್ತಾರರ ಎರಡರ ಮೇಲೆ ಕೂತು ಮಿಣುಕಿತು. ಎರಡು ಸಲ ಒತ್ತಿದರೆ ಎರಡೂ ಆರೂ ಹೋಗುತ್ತವೆ, ಇನ್ನೆರಡು ಸಲ ಒತ್ತಿದರೆ ಒಂದೂ ಒಂಬತ್ತೂ ಬರುತ್ತವೆ. ಯಾರು ನೋಡುತ್ತಾರೆ? ನೋಡಿದರೂ ಯಾರಿಗೆ ಅರ್ಥವಾಗುತ್ತದೆ? ಆದರೆ ಕಡತದಲ್ಲಿ ನಾನೇ ಎಲ್ಲವನ್ನೂ ಬರೆದುಕೊಟ್ಟಿದ್ದೆ, ಯಾವ ಕಾಗದ, ಯಾವ ಸಾಲು ಎಂಬುದರ ಸಮೇತ. ಹೆದರಿಕೆಯಾಯಿತು. ಇದನ್ನು ಹೇಳಲು ನನಗೀಗ ನಾಚಿಕೆಯಿಲ್ಲ, ಆಗ ಇತ್ತು. ಜುಲೈಯಲ್ಲಿ ಖಾಯಂ ಆಗುವ ಕೆಲಸ, ಮಲಾಡಿನ ಮನೆಯ ಕಂತು, ಮನೆಯಲ್ಲಿ ನನ್ನೊಬ್ಬಳದೇ ಸಂಬಳ. ಏನೂ ಮುಟ್ಟದೆ ಮುಚ್ಚಿದೆ.

ಹದಿನೈದಕ್ಕೆ ಕಡತ ವಾಪಸು ಬಂತು. ಪ್ರಕಟಣೆಯ ಪಠ್ಯವನ್ನು ಬದಲಿಸದೆ, ತಿದ್ದೋಲೆಯತ್ತ ಗಮನ ಸೆಳೆಯಬಹುದು ಎಂದು ಬರೆದಿತ್ತು. ಹೊಸ ತಾರೀಖನ್ನು ಅಲ್ಲಿ ಹಾಕಕೂಡದು, ಹಾಕಿದರೆ ಅದೇ ಇನ್ನೊಂದು ಪ್ರಕಟಣೆಯಾಗುತ್ತದೆ, ಅದಕ್ಕೆ ಬೇರೆ ಸಹಿ ಬೇಕು. ನಾನು ಒಂದನೆಯ ಕಾಗದದ ನೆತ್ತಿಯ ಮೇಲೆ ಇಂಗ್ಲಿಷಿನಲ್ಲಿ, ದೊಡ್ಡಕ್ಷರದಲ್ಲಿ ಮೂರು ಸಾಲು ಬರೆದೆ. ಮುಖ್ಯ ಸೂಚನೆ, ಈ ಪ್ರಕಟಣೆಗೆ ತಿದ್ದೋಲೆ ಇದೆ, ಹದಿನಾಲ್ಕನೆಯ ಕಾಗದವನ್ನು ಕಡ್ಡಾಯವಾಗಿ ನೋಡುವುದು. ಸುತ್ತ ನಕ್ಷತ್ರಚಿಹ್ನೆಗಳ ಚೌಕಟ್ಟು ಹಾಕಿದೆ. ಮಾರನೆಯ ದಿನ ಭಾನುವಾರ. ಹದಿನೇಳರ ಬೆಳಿಗ್ಗೆ ಒಂಬತ್ತು ಹತ್ತಕ್ಕೆ ಸಾಲು ಬಂತು. ಒಂದನೆಯ ಕಾಗದ ತೆರೆದಿತ್ತು.

ಓದಿದರು ಎಂದುಕೊಂಡೆ. ಹದಿನಾಲ್ಕನ್ನು ಯಾಕೆ ತೆರೆಯಲಿಲ್ಲ ಎಂಬ ಪ್ರಶ್ನೆ ಬಂತು, ನಿಜ. ಅಷ್ಟು ದೊಡ್ಡದಾಗಿ ಬರೆದಿದ್ದೇನೆ, ಓದಿದವರು ಫೋನ್ ಮಾಡಿ ಕೇಳಿಕೊಂಡಿರುತ್ತಾರೆ, ಸಂಪರ್ಕ ಕಡಿದುಹೋಗಿರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮರುದಿನ ದಿನಚರಿಯನ್ನು ನೋಡಲಿಲ್ಲ. ಅದರ ಮರುದಿನವೂ ನೋಡಲಿಲ್ಲ. ನೋಡಬಾರದು ಎಂದೇ ನೋಡಲಿಲ್ಲ ಅಂತ ಈಗ ಅನಿಸುತ್ತದೆ. ಹತ್ತೊಂಬತ್ತಕ್ಕೆ ಪರೀಕ್ಷೆ ನಡೆದುಹೋಯಿತು.

ಇಪ್ಪತ್ತೈದರ ಮಧ್ಯಾಹ್ನ ಊಟ ಮುಗಿಸಿ ಕೈ ತೊಳೆಯುತ್ತಿದ್ದೆ. ಬಾಗಿಲಿನ ಗಾರ್ಡು ಬಂದು, ನಿಮ್ಮನ್ನು ಕೇಳಿಕೊಂಡು ಯಾರೋ ಬಂದಿದ್ದಾರೆ ಎಂದ. ಬೆಂಚಿನ ಮೇಲೆ ಒಬ್ಬ ಮುದುಕರು ಕೂತಿದ್ದರು. ಬಿಳಿ ಟೊಪ್ಪಿಗೆ, ಇಸ್ತ್ರಿ ಮಾಡಿದ ಖಾಕಿ ಅಂಗಿ. ಪಕ್ಕದಲ್ಲಿ ದುಪಟ್ಟಾ ಹೊದ್ದ ಒಬ್ಬಳು ಹುಡುಗಿ, ಅವಳ ತೊಡೆಯ ಮೇಲೆ ಪ್ಲಾಸ್ಟಿಕ್ ಫೈಲು. ಮುದುಕರ ಕೈಯಲ್ಲಿ ಎರಡೂ ಅಂಚಿಗೆ ತೂತುಗಳಿದ್ದ ಒಂದು ಉದ್ದನೆಯ ಹಾಳೆ. ನನ್ನ ಪ್ರಕಟಣೆ. ಅವರ ಹೆಬ್ಬೆರಳು ಅದರ ಕೆಳಗಿನ ನನ್ನ ಹೆಸರಿನ ಮೇಲಿತ್ತು.

"ಇವರು ನೀವೇನ್ರಿ ಮೇಡಂ?" ಎಂದರು.

ದನಿ ಕೇಳಿದ ಕೂಡಲೇ ನನಗೆ ಗೊತ್ತಾಯಿತು. ಬೂತಿನಲ್ಲಿ ಕಿವಿ ಮುಚ್ಚಿಕೊಂಡು ಕೇಳಿದ ದನಿ ಅದು. 

"ನಾಳಿ ಪರೀಕ್ಷಾ ಐತ್ರಿ ನಮ್ಮ ಹುಡುಗೀದು. ಮುಂಜಾನೆ ಹಾಲ್ ನೋಡ್ಕೊಂಡ ಬರೋಣ ಅಂತ ಹೋಗಿದ್ವಿ. ಅಲ್ಲಿ ವಾಚ್‌ಮನ್ ಹೇಳ್ತಾನ್ರಿ, ಪರೀಕ್ಷಾ ಹೋದ ವಾರನ ಮುಗದೈತಿ ಅಂತ. ಅಂವಗ ತಿಳೀವಲ್ದು, ನಡೀ ಬೇಟಿ, ಈ ಕಾಗದದಾಗ ಹೆಸರ ಇದ್ದೋರನ್ನ ಕೇಳೋಣ ಅಂತ ಬಂದೇವ್ರಿ. ಇಲ್ಲೇ ಕುರ್ಲಾದಾಗ ನಮ್ಮ ತಮ್ಮ ಇರೂ ಚಾಳ ಐತ್ರಿ."

 ಹುಡುಗಿ ನನ್ನ ಮುಖ ನೋಡಿಯೇ ಅರ್ಥಮಾಡಿಕೊಂಡಳು. ಅವಳು ಅಳಲಿಲ್ಲ. ಫೈಲನ್ನು ಮುಚ್ಚಿ ಅದರ ಗುಂಡಿ ಹಾಕಿದಳು.

"ಮುಗೀತೇನ್ರಿ ಮೇಡಂ?" ಎಂದಳು.

"ಮುಗೀತಮ್ಮ. ಹತ್ತೊಂಬತ್ತಕ್ಕೆ," ಎಂದೆ.

ಮುದುಕರು ಒಪ್ಪಲಿಲ್ಲ. "ಹೆಂಗ್ ಆಗತೈತ್ರಿ ಅದು? ನಾ ದಿನಾ ನೋಡೇನ್ರಿ. ನಮ್ಮ ಲೆಕ್ಚರರ್ ಸೂಟಿಗೆ ಹೋಗೂವಾಗ ಈ ಹಾಳಿ ಪ್ರಿಂಟ್ ತಗದ ಕೊಟ್ಟು, ಕಲಿಸಿ ಹೋಗ್ಯಾರ. ಲ್ಯಾಬ್ ತಗದು, ಮಷೀನ ಚಾಲು ಮಾಡಿ, ಒಂದು ಒತ್ತಿ ಎಂಟರ್ ಹೊಡೀಬೇಕು. ಈ ಸಾಲಿನಾಗ ಇಪ್ಪತ್ತಾರು ಇರಬೇಕು, ಬ್ಯಾರೆ ನಂಬರ್ ಬಂದ್ರ ಮಗಳಿಗೆ ಹೇಳು ಅಂದಾರ. ಹಾಲ್ ಟಿಕೀಟಿನಾಗೂ ಬರದಾರಲ್ರಿ, ನೀವ ನೋಡ್ಕೋಬೇಕು ಅಂತ. ಶನಿವಾರ ಮುಂಜಾನಿನೂ ನೋಡಿ ಬಂದೇನ್ರಿ. ಇಪ್ಪತ್ತಾರೇ ಇತ್ತು."

"ಮೇಲೆ ಮೂರು ಸಾಲು ಬಂದಿರಲಿಲ್ವಾ? ದೊಡ್ಡದಾಗಿ?"

"ಬಂದಿತ್ರಿ. ಸುತ್ತಲೂ ಚುಕ್ಕಿ ಚುಕ್ಕಿ ಇತ್ತು. ನನಗ ಇಂಗ್ಲೀಷ ಓದಾಕ ಬರೂದಿಲ್ರಿ, ನಂಬರ್ ಅಷ್ಟ ಗುರ್ತ ಹತ್ತತಾವ. ಅದರಾಗ ಹದಿನಾಲ್ಕು ಅಂತ ಒಂದಿತ್ತು. ಹದಿನಾಲ್ಕು ದಾಟಿ ಹೋಗೇತಿ, ಅದು ತಾರೀಖ ಅಲ್ಲ ಅನಕೊಂಡೆ. ಕೆಳಗ ನೋಡಿದೆ. ಇಪ್ಪತ್ತಾರು ಹಂಗ ಇತ್ತು."

ಹೊಸ ತಾರೀಖು ಹಾಕಕೂಡದು ಎಂದು ಬಿಟ್ಟ ಆ ಎರಡಂಕಿ ಅಲ್ಲಿದ್ದಿದ್ದರೆ ಅವರು ಓದುತ್ತಿದ್ದರು. ಅವರು ಓದಬಲ್ಲದ್ದು ಅದೊಂದನ್ನೇ.

ಇಬ್ಬರನ್ನೂ ಕರೆದುಕೊಂಡು ಫೋರ್ಟಿಗೆ ಹೋದೆ. ಲೋಕಲಿನಲ್ಲಿ ಹುಡುಗಿ ನನ್ನ ಜೊತೆ ಲೇಡೀಸ್ ಡಬ್ಬಿಯಲ್ಲಿ ಕೂತಿದ್ದಳು. ತನ್ನ ಅಬ್ಬಾ ಮುಂದಿನ ವರ್ಷ ಜೂನಿಗೆ ರಿಟೈರ್ ಆಗುತ್ತಾರೆ, ಈ ಸೀಟು ಸಿಕ್ಕಿದರೆ ಹಾಸ್ಟೆಲೂ ವಿದ್ಯಾರ್ಥಿವೇತನವೂ ಸಿಗುತ್ತದೆ, ಸಿಗದಿದ್ದರೆ ಓದು ಇಷ್ಟಕ್ಕೇ ನಿಲ್ಲುತ್ತದೆ, ಊರಿನ ಟೈಪಿಂಗ್ ಶಾಲೆಯವರು ಕರೆದಿದ್ದಾರೆ ಎಂದು ಹೇಳಿದಳು. ದೂರುವ ದನಿಯಲ್ಲಿ ಹೇಳಲಿಲ್ಲ. ದೂರಿದ್ದರೆ ನನಗೆ ಹಗುರವಾಗುತ್ತಿತ್ತು.

ಉಪ ಕುಲಸಚಿವರ ಮೇಜಿನ ಮೇಲೆ ಆ ಹಾಳೆ ಇಟ್ಟೆ. "ಸರ್, ಇದು ಸಹಿ ಆದ ಪ್ರಕಟಣೆ. ಇವತ್ತಿಗೂ ನಮ್ಮ ಯಂತ್ರದಲ್ಲಿ ಹೀಗೇ ಇದೆ. ಒಂದು ಚುಕ್ಕೆ ಮುಟ್ಟಬಾರದು ಅಂತ ನೀವೇ ಹೇಳಿದ್ರಿ, ನಾನು ಮುಟ್ಟಿಲ್ಲ. ಹಾಗಾದ್ರೆ ಇದು ಇನ್ನೂ ನಿಂತಿದೆ ತಾನೆ? ನಾಳೆ ಈ ಹುಡುಗಿಗೆ ಪರೀಕ್ಷೆ ಕೊಡಿ."

ಅವರು ಹಾಳೆಯನ್ನು ಬೆರಳ ತುದಿಯಿಂದ ನನ್ನ ಕಡೆ ಸರಿಸಿದರು. "ಅದು ಪೆಟ್ಟಿಗೆಯಿಂದ ಬಂದ ಕಾಗದ ಮಾರಾಯ್ತಿ. ಅದು ಪ್ರಕಟಣೆ ಅಲ್ಲ. ಪ್ರಕಟಣೆ ಬೋರ್ಡಿನಲ್ಲಿ ಉಂಟು."

"ಅವತ್ತು ಪೆಟ್ಟಿಗೆಯೊಳಗಿದ್ದರೂ ಅಷ್ಟೇ ಅಂದ್ರಿ."

 ಅವರು ಮುದುಕರ ಕಡೆ ನೋಡಿ, "ಕೂತುಕೊಳ್ಳಿ," ಎಂದರು. ಪ್ಯೂನನ್ನು ಕರೆದು ಮೂರು ಚಹಾ ಹೇಳಿದರು. ಪ್ರಶ್ನೆಪತ್ರಿಕೆ ಎಲ್ಲರ ಕೈಗೆ ಹೋಗಿದೆ, ಇನ್ನು ಯಾರಿಂದಲೂ ಸಾಧ್ಯವಿಲ್ಲ ಎಂದು ಅವರಿಗೆ ನಿಧಾನವಾಗಿ, ಮರ್ಯಾದೆಯಿಂದ ತಿಳಿಸಿದರು. ಚಹಾ ತಣ್ಣಗಾಯಿತು, ಯಾರೂ ಕುಡಿಯಲಿಲ್ಲ.

ಕೆಳಗೆ ಬೀದಿಯಲ್ಲಿ ನಾನು ಕ್ಷಮೆ ಕೇಳಿದೆ. ಫೋನ್ ಮಾಡಿದ್ದವಳು ನಾನೇ ಎಂದೂ ಹೇಳಿದೆ. ಹೇಳದೆ ಇದ್ದಿದ್ದರೆ ಅವರಿಗೆ ತಿಳಿಯುತ್ತಿರಲಿಲ್ಲ, ಆದರೆ ನುಂಗಿಕೊಳ್ಳಲು ನನ್ನಿಂದ ಆಗಲಿಲ್ಲ. 

"ನಾ ಕೇಳಿದ್ನೆಲ್ರಿ, ಏನ್ ಹೇಳಬೇಕಾಗಿತ್ತು ಅಂತ," ಎಂದರು ಮುದುಕರು. ಅಷ್ಟೇ. ಆಮೇಲೆ, "ಮುಂದಿನ ವರ್ಷದ್ದು ಅದ ಒಂದನೇ ನಂಬರಿಗೆ ಬರತೈತೇನ್ರಿ?" ಎಂದು ಕೇಳಿದರು.

"ಅಲ್ಲೇ ಬರುತ್ತೆ," ಎಂದೆ.

"ಹಂಗಾರ ನೋಡತೇನ್ರಿ. ಅದು ನಂದ ಕಡೀ ವರ್ಷ."

ನನ್ನ ಕೆಲಸ ಜುಲೈಯಲ್ಲಿ ಖಾಯಂ ಆಯಿತು. ಆ ಆದೇಶ ಕೈಗೆ ಬಂದ ದಿನ ಮನೆಯವರು ಸ್ವೀಟ್ ತಂದರು. ನನ್ನ ಪಾಲನ್ನು ಪಕ್ಕದ ಮನೆಯ ಮಕ್ಕಳಿಗೆ ಕೊಟ್ಟೆ.

ಹೊಸ ವರ್ಷದ ಹೊತ್ತಿಗೆ ಮುಖ್ಯಸ್ಥರು ಎಲ್ಲವನ್ನೂ ವೆಬ್ಬಿಗೆ ಸಾಗಿಸಿ ಗೋಫರ್ ನಿಲ್ಲಿಸಬೇಕೆಂದರು. ಆ ಮುದುಕರ ಲ್ಯಾಬಿನ ಪರದೆಗೆ ಬರುವುದು ಹಸಿರಕ್ಷರ ಮಾತ್ರ, ನಮ್ಮ ವೆಬ್ ಅಲ್ಲಿ ತೆರೆಯುವುದಿಲ್ಲ ಎಂದು ನನಗೆ ಗೊತ್ತಿತ್ತು. ನಿಲ್ಲಿಸಬೇಡಿ ಎಂದು ಹಟ ಹಿಡಿದೆ.

"ಅಬ್ ಕೌನ್ ಪಢ್ತಾ ಹೈ ಇಸೇ?" ಈಗ ಇದನ್ನು ಓದುವವರು ಯಾರಿದ್ದಾರೆ ಎಂದರು ಅವರು.

"ಏಕ್ ಆದ್ಮಿ, ಸರ್," ಎಂದೆ.

ಅವರು ನಗುವುದಕ್ಕೆ ಹೊರಟವರು ನನ್ನ ಮುಖ ನೋಡಿದರು. ಪರೀಕ್ಷೆ ಮುಗಿಯುವವರೆಗೆ ಇರಲಿ ಎಂದರು. ಗೋಫರನ್ನು ಒಂದು ಹಳೆಯ ಯಂತ್ರಕ್ಕೆ ಹಾಕಿ ನನ್ನ ಮೇಜಿನ ಕೆಳಗಿಟ್ಟುಕೊಂಡೆ. ಅದರ ಫ್ಯಾನಿನ ಬಿಸಿಗಾಳಿ ದಿನವಿಡೀ ಕಾಲಿಗೆ ಹೊಡೆಯುತ್ತಿತ್ತು. ಏಪ್ರಿಲಿನಲ್ಲಿ ಹೊಸ ಪ್ರಕಟಣೆ ಬಂತು, ಪರೀಕ್ಷೆ ಮೇ ಇಪ್ಪತ್ತೆರಡಕ್ಕೆ. ಅದನ್ನು ಒಂದನೆಯ ಕಾಗದವಾಗಿಸಿ, ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ ಬರೀ ತಾರೀಖಿನ ಅಂಕಿ ಹಾಕಿದೆ. ಮರುದಿನ ಒಂಬತ್ತು ಹತ್ತಕ್ಕೆ ಸಾಲು ಬಂತು. ಆಮೇಲೆ ದಿನಾ ಬಂತು. ನಾನು ಮಲಾಡಿನಿಂದ ಒಂದು ಲೋಕಲ್ ಮುಂಚೆ ಹೊರಡತೊಡಗಿದೆ.

ಮೇ ತಿಂಗಳ ಎರಡನೆಯ ವಾರ, ಸಂಜೆ ಐದಕ್ಕೆ, ಫೋರ್ಟಿನಿಂದ ಫೋನ್ ಬಂತು. ಮತ್ತೆ ಕಟ್ಟಡದ ತೊಂದರೆ. ಪರೀಕ್ಷೆ ಇಪ್ಪತ್ತಕ್ಕೆ. ತಿದ್ದೋಲೆ ಸಹಿಯಾಗಿ ಬರಲು ಎರಡು ದಿನ ಬೇಕು ಎಂದರು ಉಪ ಕುಲಸಚಿವರು.

"ನಾನು ಈಗಲೇ ಬದಲಾಯಿಸ್ತಿದೀನಿ ಸರ್," ಎಂದೆ.

 "ನಾನು ಅದನ್ನು ಕೇಳಲಿಲ್ಲ. ನಾಳೆ ನಿನಗೆ ಮೆಮೋ ಕೊಡಬೇಕಾಗ್ತದೆ," ಎಂದರು.

"ಕೊಡಿ," ಎಂದೆ.

ಕಾಗದ ತೆರೆದು ಎರಡು ಕಡೆ ಅಂಕಿ ಬದಲಿಸಿದೆ, ಮೇಲಿನ ಸಾಲಿನಲ್ಲೂ ಸಹಿಯಾದ ಪಠ್ಯದ ಒಳಗೂ.  ಒಂದು ನಿಮಿಷವೇ ಹಿಡಿಯಿತು.

ಮರುದಿನ ಒಂಬತ್ತು ಹತ್ತಕ್ಕೆ ಸಾಲು ಬಂತು. ಒಂಬತ್ತು ಹನ್ನೊಂದಕ್ಕೆ ಮತ್ತೆ ಅದೇ ಸಾಲು. ಒಂಬತ್ತು ಹದಿನಾಲ್ಕಕ್ಕೆ ಮತ್ತೊಮ್ಮೆ. ಅಷ್ಟು ದಿನದಲ್ಲಿ ಆ ಯಂತ್ರ ಒಂದೇ ದಿನ ಮೂರು ಸಲ ಓದಿದ್ದು ಅದೇ ಮೊದಲು. ನಾನು ಚಪ್ಪಲಿಯನ್ನೂ ಸರಿಯಾಗಿ ಮೆಟ್ಟದೆ ಸ್ಟೇಷನ್ ಹೊರಗಿನ ಬೂತಿಗೆ ಓಡಿದೆ. ಮೊದಲ ರಿಂಗಿಗೇ ಫೋನ್ ಎತ್ತಿದರು.

"ಅಟೆಂಡರ್ ಸಾಹೇಬ್ರು ಇದ್ದಾರಾ?" ಎಂದೆ.

"ನಾನ ಅದೇನ್ರಿ ಮೇಡಂ. ನೋಡೇನ್ರಿ. ಇಪ್ಪತ್ತು ಆಗೇತಿ."

"ಮೂರು ಸಲ ನೋಡಿದ್ರಲ್ಲ. ಸರಿಯಾಗಿ ಕಾಣಿಸಲಿಲ್ವಾ?"

"ಕಾಣಿಸಿತ್ರಿ," ಎಂದರು. "ನಂಬಿಕಿ ಬರಲಿಲ್ಲ. ಹೋದ ವರ್ಷಾನೂ ಕಾಣಿಸಿತ್ತಲ್ರಿ. ಮಗಳಿಗೆ ಇನ್ನಾ ಹೇಳಿಲ್ಲ. ನಿಮ್ಮ ಫೋನ್ ಬರತೈತೇನೋ ಅಂತ ಇದರ ಬಾಜೂಕನ ಕುಂತೇನ್ರಿ."

ಹೊರಗೆ ಯಾವುದೋ ಲೋಕಲ್ ಬಂದು ನಿಂತು ಜನ ಇಳಿಯುತ್ತಿದ್ದರು. ಬೂತಿನ ಬಾಗಿಲನ್ನು ಎಳೆದು ಮುಚ್ಚಿಕೊಂಡೆ.

"ಇಪ್ಪತ್ತೇ," ಎಂದೆ. "ಹೋಗಿ, ಮಗಳಿಗೆ ಹೇಳಿ."